ಸಾಧಿಸಿ

ನಮ್ಮ ಮನೆಯಲ್ಲಿ ಸಾಧಿಸುವುದು ಎಂದರೆ ಒಂದೇ ಅರ್ಥ: ಹಳೆಯದನ್ನು ಮನಸ್ಸಿನಲ್ಲಿಟ್ಟುಕೊಂಡು ಹೊತ್ತುಹೊತ್ತಿಗೆ ಚುಚ್ಚುವುದು. ಅಪ್ಪನ ತಾಯಿ, ನನ್ನ ಅಜ್ಜಿ, ಅದರಲ್ಲಿ ಪಳಗಿದವರು. ಹೆಣ್ಣು ನೋಡಲು ಹೋದಾಗ, "ಹಾಡು ಬರುತ್ತೇನಮ್ಮ?" ಎಂದು ಕೇಳಿದ್ದಕ್ಕೆ ಅಮ್ಮ, "ಹಾಡು ಬರಲ್ಲ, ಲೆಕ್ಕ ಬರುತ್ತೆ" ಎಂದುಬಿಟ್ಟಿದ್ದಳಂತೆ. ಅದೊಂದು ಮಾತು ಹಿಡಿದು ಅಜ್ಜಿ ಹದಿನೇಳು ವರ್ಷ ಸಾಧಿಸಿದರು. ಸಾರಿಗೆ ಉಪ್ಪು ಹೆಚ್ಚಾದರೆ, "ಲೆಕ್ಕ ಬರುತ್ತಲ್ಲ, ಉಪ್ಪಿನ ಲೆಕ್ಕ ಮಾತ್ರ ಬರಲ್ಲ." ಅಮ್ಮ ಸಾರಿಗೆ ಒಂದು ಲೋಟ ನೀರು ಬೆರೆಸುತ್ತಿದ್ದಳು.

ಸ್ವಾತಂತ್ರ್ಯ ಬಂದು ಏಳೆಂಟು ವರ್ಷವಾಗಿತ್ತು. ನಾನು ಹೈಸ್ಕೂಲಿನಲ್ಲಿದ್ದೆ. ರೇಖಾಗಣಿತದ ಲೆಕ್ಕಗಳೆಲ್ಲ "ಎಂದು ಸಾಧಿಸಿ" ಎಂದೇ ಮುಗಿಯುತ್ತಿದ್ದವು. ವಿದ್ಯಾರಣ್ಯಪುರಂ ಮನೆಯ ನಡುಮನೆಯಲ್ಲಿ ಕೂತು ನಾನು ಗಟ್ಟಿಯಾಗಿ ಓದಿದರೆ, ಕಿವಿ ಮಂದವಾಗಿದ್ದ ಅಜ್ಜಿ, "ಯಾರನ್ನೇ ಸಾಧಿಸ್ತಿದೀಯಾ?" ಎನ್ನುವರು. ಮೊದಮೊದಲು ನಗು ಬರುತ್ತಿತ್ತು. ಆಮೇಲೆ ಅದೂ ಬೇಸರವಾಯಿತು.

ಮುಂದಿನ ವರ್ಷಕ್ಕೆ ಗಣಿತವೋ ಗೃಹವಿಜ್ಞಾನವೋ ಎಂದು ಫಾರಂ ತುಂಬಿ, ಅಪ್ಪನ ರುಜು ಹಾಕಿಸಿಕೊಂಡು ಹೋಗಬೇಕಿತ್ತು. ನನಗೆ ಗಣಿತ ಬೇಕಿತ್ತು. ಭಾರಿ ಬುದ್ಧಿವಂತಳೆಂದಲ್ಲ, ಸಾರು, ಉಪ್ಪು ಎಂಬ ಮಾತು ಕೇಳಿ ಕೇಳಿ ಸಾಕಾಗಿತ್ತು. "ಈ ವಾರದ ಲೆಕ್ಕ ಅಷ್ಟೂ ಸರಿಯಾಗಿ ಬಂದರೆ ರುಜು ಹಾಕ್ತೀನಿ" ಎಂದಿದ್ದರು ಅಪ್ಪ.

ಒಂದು ಲೆಕ್ಕ ಉಳಿದುಕೊಂಡಿತು. ಗಾಳಿಪಟದ ಆಕಾರದ ಚತುರ್ಭುಜ, ಮೇಲಿನ ಎರಡು ಬಾಹು ಸಮ, ಕೆಳಗಿನ ಎರಡೂ ಸಮ. ಅದರ ಎಡಬಲದ ಕೋನಗಳು ಸಮವೆಂದು ಸಾಧಿಸಬೇಕು. ನಾನು ಕೋನಮಾಪಕವಿಟ್ಟು ಅಳೆದು, ಸಮ ಬಂತು ಎಂದು ಬರೆದುಕೊಂಡು ಹೋಗಿದ್ದೆ. ಮೇಡಂ ಕೆಂಪು ಶಾಯಿಯಲ್ಲಿ, "ಅಳೆಯಬೇಡ, ಸಾಧಿಸು" ಎಂದು ಬರೆದು ಕಳಿಸಿದ್ದರು. ಮೂರು ಸಂಜೆ ಅದರ ಮುಂದೆ ಕೂತೆ. ರಬ್ಬರು ಉಜ್ಜಿ ಉಜ್ಜಿ ಹಾಳೆ ತೂತಾಯಿತು.

ಮೂರನೆಯ ಸಂಜೆ ಅಪ್ಪ ಆಫೀಸಿನಿಂದ ಬಂದು, ಸೈಕಲ್ಲು ಒರಗಿಸಿ, ಕೋಟು ಗೂಟಕ್ಕೆ ಸಿಕ್ಕಿಸಿ, ಪುಸ್ತಕ ನೋಡಿದರು.

"ಅಳೆದ್ರೆ ಸಮ ಬಂತಲ್ಲ, ಇನ್ನೇನು ಸಾಧಿಸೋದು? ಸಾಕು, ಗೃಹವಿಜ್ಞಾನ ತಗೊಂಬುಡಮ್ಮ."

ಕೆಟ್ಟವರಲ್ಲ ಅಪ್ಪ, ದಣಿದಿದ್ದರು. ನಾನೂ ದಣಿದಿದ್ದೆ. ಫಾರಂ ಮಾರನೆಯ ದಿನವೇ ಕೊಡಬೇಕಿತ್ತು. "ಆಯ್ತು" ಎನ್ನುವ ಮಾತು ಬಾಯಿಗೇ ಬಂದಿತ್ತು.

ಅಷ್ಟರಲ್ಲಿ ಅಡುಗೆಮನೆಯಿಂದ ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದಳು. ನಿಂತೇ ನೋಡಿದಳು.

"ಮೇಲಿನ ತುದಿಯಿಂದ ಕೆಳಗಿನ ತುದಿಗೆ ಒಂದು ಗೆರೆ ಎಳಿ ಕಣೇ. ಎರಡು ತ್ರಿಭುಜ ಆಯ್ತಲ್ಲ, ಮೂರು ಬಾಹೂನೂ ಸಮ ನೋಡು."

ಎಳೆದೆ. ಐದು ಸಾಲಿನಲ್ಲಿ ಲೆಕ್ಕ ಮುಗಿಯಿತು. ಹುಟ್ಟಿದಾಗಿನಿಂದ ಅವಳಿಗೆ ಲೆಕ್ಕ ಬರುತ್ತೆಂದು ಕೇಳುತ್ತಲೇ ಬಂದಿದ್ದೆ, ಒಂದು ದಿನವೂ ಅವಳನ್ನು ಲೆಕ್ಕ ಕೇಳಿರಲಿಲ್ಲ. ನನಗೆ ನಾಚಿಕೆಯಾಯಿತು.

ಮೂಲೆಯಿಂದ ಅಜ್ಜಿ, "ಒಲೆ ಬಿಟ್ಟು ಅಲ್ಲೇನೇ ಮಾಡ್ತಿದೀಯಾ?" ಎಂದರು.

"ಸಾಧಿಸ್ತಿದೀನಿ ಅತ್ತೆ" ಎಂದಳು ಅಮ್ಮ. ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಒಳಗೆ ಹೋದಳು.

ಅಪ್ಪ ರುಜು ಹಾಕಿದರು. ಅಜ್ಜಿಗೆ ಹೊಸ ಮಾತು ಸಿಕ್ಕಿತು. "ತಾನು ಕೆಟ್ಟ ಕೋತಿ ವನಾನೆಲ್ಲ ಕೆಡಿಸ್ತಂತೆ" ಎಂದು ಸಾಯುವವರೆಗೂ ಸಾಧಿಸಿದರು. ನಾನು ಗಣಿತ ಓದಿದೆ; ಅದಕ್ಕೆ ಮಾತು ಕೇಳಿದವಳು ಅಮ್ಮ. ಆಮೇಲೆ ಎಷ್ಟೋ ಸಲ ಪುಸ್ತಕ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದೇನೆ. ಅವಳು ತಿರುಗಿಯೂ ನೋಡುತ್ತಿರಲಿಲ್ಲ.

"ನೀನೇ ಮಾಡ್ಕೊ ಕಣೇ, ನಾನು ಸಾಧಿಸೋದು ಒಂದಿತ್ತು, ಆಯ್ತಲ್ಲ."