ಪೇಷ್ಕಾರ್ ಶೇಷಯ್ಯನವರ ರದ್ದು ಹುಕುಂಗಳು

ತಾನು ಆಡಿದ ಮಾತು ತಪ್ಪೆಂದು ಒಪ್ಪಿಕೊಳ್ಳುವುದು ಮನುಷ್ಯನಿಗೆ ಎಲ್ಲ ಕಾಲದಲ್ಲೂ ಕಠಿಣವಾದ ತಪಸ್ಸು. ಅದಕ್ಕಾಗಿ ನಮ್ಮ ಹಿರಿಯರು ಉಪವಾಸ, ತೀರ್ಥಸ್ನಾನ, ಪಂಚಗವ್ಯ ಮುಂತಾದ ಅನೇಕ ಉಪಾಯಗಳನ್ನು ಹೇಳಿಟ್ಟಿದ್ದಾರೆ. ಪೇಷ್ಕಾರ್ ಶೇಷಯ್ಯನವರಿಗೆ ಇವು ಯಾವುವೂ ಬೇಕಾಗಿರಲಿಲ್ಲ. ಒಂದು ಜರತಾರಿ ಪೇಟ, ಮೊಣಕಾಲು ಮುಟ್ಟುವ ಕರಿಯ ಕೋಟು ಮತ್ತು ಎರಡು ಬಾಳೆಹಣ್ಣು ಸಾಕಾಗಿದ್ದವು.

ಅಪರಾಧವಾದರೂ ಎಂಥದು? ಕೊಲೆಯಲ್ಲ, ಸುಲಿಗೆಯಲ್ಲ, ಫುಟ್‌ಬಾಲ್. ನಮ್ಮ ಅಗ್ರಹಾರ ಯುನೈಟೆಡ್ ತಂಡದ ಯಾವನೋ ಆಟಗಾರನ ಬಗ್ಗೆ ಶೇಷಯ್ಯನವರು ಒಂದು ಅಭಿಪ್ರಾಯ ಹೊರಡಿಸಿರುತ್ತಿದ್ದರು. ಅದು ತಪ್ಪೆಂದು ಮನವರಿಕೆಯಾದ ದಿನ, ದರ್ಬಾರಿಗೆಂದು ಹಿಂದೆ ಹೊಲಿಸಿದ್ದ ಉಡುಪನ್ನೆಲ್ಲ ತೊಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ ಹಣ್ಣು ಇಟ್ಟುಕೊಂಡು, ಆ ಆಟಗಾರನ ಮನೆಗೆ ನಡೆದೇ ಹೋಗುತ್ತಿದ್ದರು. ಕೂರಲು ಹೇಳಿದರೆ ಕೂರುತ್ತಿರಲಿಲ್ಲ. ನಿಂತುಕೊಂಡೇ, "ನಿನ್ನ ವಿಷಯದಲ್ಲಿ ನಾನು ಆಡಿದ್ದ ಮಾತು ಇವತ್ತಿನಿಂದ ರದ್ದಾಗಿದೆಯಯ್ಯ," ಎಂದು ಹೇಳಿ ತಟ್ಟೆ ಮುಂದೆ ಚಾಚುತ್ತಿದ್ದರು. ಅದಾದ ಮೇಲೆ ಕೂರುತ್ತಿದ್ದರು. ಕಾಫಿ ಕೊಟ್ಟರೆ ಬೇಡವೆನ್ನುತ್ತಿರಲಿಲ್ಲ.

ಅವರು ಅರಮನೆಯ ಒಂದು ಇಲಾಖೆಯಲ್ಲಿ ಪೇಷ್ಕಾರರಾಗಿ ಮೂವತ್ತು ವರ್ಷ ಕಡತ ತಿರುವಿದವರು. ಸಂಸ್ಥಾನ ಮುಗಿದು, ಇಲಾಖೆ ಕರಗಿ, ಪಿಂಚಣಿ ಬಂದ ಮೇಲೆ ಹುಕುಂ ಹೊರಡಿಸುವ ಅಧಿಕಾರ ಅವರಿಗೆ ಉಳಿದದ್ದು ಫುಟ್‌ಬಾಲಿನಲ್ಲಿ ಮಾತ್ರ. ಒಂದು ಸಲ ನಾನು, ಇಷ್ಟೆಲ್ಲ ಮೆರವಣಿಗೆ ಯಾಕೆ, ಮೈದಾನದಲ್ಲೇ ಒಂದು ಮಾತು ಹೇಳಿದರೆ ಸಾಲದೆ ಎಂದು ಕೇಳಿದ್ದೆ. ನನ್ನನ್ನು ಕನ್ನಡಕದ ಮೇಲಿನಿಂದ ನೋಡಿದರು.

"ಅಭಿಪ್ರಾಯ ಅನ್ನೋದು ಹುಕುಂ ಇದ್ದ ಹಾಗೆ ಕಣಯ್ಯ ಮೂರ್ತಿ. ಹೊರಡಿಸಿದೋನೇ ರದ್ದು ಮಾಡ್ಬೇಕು. ಊರಿಗೆಲ್ಲ ಕೇಳೋ ಹಾಗೆ ಹೊರಡಿಸಿ, ಕಿವೀಲಿ ರದ್ದು ಮಾಡಿದ್ರೆ ಅದು ಜಾರಿಗೆ ಬರೋಲ್ಲ."

ನಾನು ಆ ತಂಡದ ರೈಟ್ ಬ್ಯಾಕ್. 'ಈತ ಚೆಂಡನ್ನು ತಡೆಯುವುದಿಲ್ಲ, ಬೀಳ್ಕೊಡುತ್ತಾನೆ' ಎಂಬುದು ನನ್ನ ವಿಷಯದಲ್ಲಿ ಅವರ ಅಭಿಪ್ರಾಯವಾಗಿತ್ತು. ಅದನ್ನು ಅವರು ಎಂದೂ ರದ್ದು ಮಾಡಲಿಲ್ಲ ಎಂಬುದನ್ನು ಸತ್ಯದ ದೃಷ್ಟಿಯಿಂದ ಇಲ್ಲಿಯೇ ದಾಖಲಿಸಿಬಿಡುತ್ತೇನೆ.

ಜನ್ಮದಲ್ಲಿ ಒಮ್ಮೆಯೂ ಚೆಂಡನ್ನು ಒದೆಯದ ಈ ಮನುಷ್ಯನಿಗೆ ಫುಟ್‌ಬಾಲ್ ಹೇಗೆ ಅಂಟಿಕೊಂಡಿತು ಎಂಬ ಕುತೂಹಲ ನನಗೆ ಬಹಳ ಕಾಲ ಇತ್ತು. ಅವರ ಹೆಂಡತಿ ಜಾನಕಮ್ಮನವರನ್ನು ಕೇಳಿದರೆ ಜಾತಕದಲ್ಲಿ ಕುಜ ಸರಿಯಿಲ್ಲ ಎಂದರು. ಕೊನೆಗೆ ಅವರನ್ನೇ ಕೇಳಿದೆ. ಎಂದೋ ಒಂದು ಸಂಜೆ ಮೇಲಧಿಕಾರಿಗಳು ಒಂದು ಬೆಳ್ಳಿ ಕಪ್ಪನ್ನು ಅವರ ಕೈಗೆ ಕೊಟ್ಟು, ಮೈದಾನಕ್ಕೆ ಒಯ್ದು ಗೆದ್ದವರಿಗೆ ತಲುಪಿಸಿ ರಶೀದಿ ತರಬೇಕೆಂದರಂತೆ. ಆಟ ಮುಗಿಯದೆ ಗೆದ್ದವರು ಯಾರೆಂದು ತಿಳಿಯುವ ಹಾಗಿಲ್ಲ. ತಿಳಿಯದೆ ರಶೀದಿ ಇಲ್ಲ. ಕಪ್ಪನ್ನು ಎದೆಗವಚಿಕೊಂಡು ನಿಂತು ನೋಡಿದರಂತೆ. "ಅವತ್ತು ನಿಂತೋನು, ಇನ್ನೂ ನಿಂತೇ ಇದೀನಿ," ಎಂದರು. ಇಷ್ಟು ಸರಳವಾದ ಉತ್ತರಕ್ಕೆ ನಾನು ಏಳೆಂಟು ವರ್ಷ ಕಾದಿದ್ದೆ.

ಅವರು ನಿಲ್ಲುತ್ತಿದ್ದ ಜಾಗವೂ ಒಂದೇ. ನಮ್ಮ ಮೈದಾನದ ಗೋಲುಗಳು ಪೂರ್ವಕ್ಕೊಂದು, ಪಶ್ಚಿಮಕ್ಕೊಂದು. ಪಶ್ಚಿಮದ ಗೋಲಿನ ಹಿಂದೆ ಒಂದು ಹೊಂಗೆಮರ. ಅದರ ಬುಡದಲ್ಲಿ ಶೇಷಯ್ಯನವರು. ಸಂಜೆಯ ಬಿಸಿಲು ಬೆನ್ನಿಗೆ ಬೀಳುತ್ತದೆ, ಎದುರಿಗಿರುವುದೆಲ್ಲ ದೀಪ ಹಿಡಿದು ತೋರಿಸಿದಷ್ಟು ಸ್ಪಷ್ಟ ಎನ್ನುತ್ತಿದ್ದರು. ಅಲ್ಲಿಂದ ಅವರು ಹೊರಡಿಸಿದ ಹುಕುಂಗಳಲ್ಲಿ ಪ್ರಸಿದ್ಧವಾದದ್ದು ಬೂಟ್ಸಿನದು. ಬರಿಗಾಲಲ್ಲಿ ಆಡುತ್ತಿದ್ದ ನಾವು ಬೂಟ್ಸು ಹಾಕಲು ಹೊರಟಾಗ, "ಕಾಲಿಗೆ ಚೆಂಡು ಗೊತ್ತಾಗ್ಬೇಕು, ಚರ್ಮಕ್ಕೆ ಚರ್ಮ ಏನು ಹೇಳುತ್ತೆ?" ಎಂದು ಘೋಷಿಸಿದರು. ಮೊದಲ ಎರಡು ಪಂದ್ಯಗಳಲ್ಲಿ ನಾವು ಅವರ ಮಾತನ್ನು ನಿಜ ಮಾಡಿದೆವು. ನಮ್ಮ ಬೂಟ್ಸಿಗೆ ನಾವೇ ಎಡವಿದೆವು. ಆಮೇಲೆ ಸಾಲಾಗಿ ನಾಲ್ಕು ಗೆದ್ದೆವು. ಶೇಷಯ್ಯನವರು ಪೇಟ ಸುತ್ತಿಕೊಂಡು ಮೂರು ಸಂಜೆಗಳಲ್ಲಿ ಹನ್ನೊಂದು ಮನೆಗಳಿಗೆ ಹೋದರು. ನಮ್ಮ ಲೆಫ್ಟ್ ಹಾಫ್ ರಂಗನ ಮನೆಯಲ್ಲಿ ಮದುವೆಯ ವಯಸ್ಸಿಗೆ ಬಂದ ತಂಗಿಯಿದ್ದಳು. ಪೇಟ, ಕೋಟು, ಹಣ್ಣಿನ ತಟ್ಟೆ ಕಂಡ ರಂಗನ ಅಜ್ಜಿ ಒಳಗೆ ಕೇಸರಿಬಾತಿಗೆ ರವೆ ಹುರಿಯಲು ಹೇಳಿ, ಚಾಪೆ ಹಾಸಿ, ಹುಡುಗ ಯಾವ ಕೆಲಸದಲ್ಲಿದ್ದಾನೆಂದು ವಿಚಾರಿಸಿದರಂತೆ.

"ಹುಡುಗ ಅಲ್ಲ ತಾಯಿ, ಬೂಟ್ಸಿನ ವಿಷಯ," ಎಂದರಂತೆ ಇವರು.

ಆದರೂ ಕೇಸರಿಬಾತು ತಿಂದೇ ಬಂದರು.

ಇನ್ನೊಂದು ಹುಕುಂ ಇತ್ತು. ಅದು ಎಷ್ಟು ಹಳೆಯದೆಂದರೆ ನಾವು ಅದನ್ನು ಹುಕುಂ ಎಂದೇ ಮರೆತು ಆಚಾರ ಎಂದುಕೊಂಡಿದ್ದೆವು. ಪೂರ್ವದ ಗೋಲಿನ ಹಿಂದೆ ಸ್ವಲ್ಪ ಬಲಕ್ಕೆ ಚಾಮುಂಡಿ ಬೆಟ್ಟ ಕಾಣುತ್ತದೆ. ತಾಯಿಯ ಮುಖ ನೋಡಿಕೊಂಡೇ ಆಟ ಶುರು ಮಾಡಬೇಕು ಎಂದು ಶೇಷಯ್ಯನವರು ಯಾವುದೋ ಒಂದು ಗೆಲುವಿನ ಮಾರನೆಯ ದಿನ ವಿಧಿಸಿದ್ದರು. ಅಂದಿನಿಂದ ಯುನೈಟೆಡ್ ಟಾಸ್ ಗೆದ್ದರೆ ಪಶ್ಚಿಮದ ಗೋಲನ್ನು ಬೆನ್ನಿಗಿಟ್ಟುಕೊಂಡು, ಬೆಟ್ಟಕ್ಕೆ ಮುಖ ಮಾಡಿ ಆರಂಭಿಸುತ್ತಿತ್ತು. ಟಾಸ್ ಸೋತರೂ ಎದುರಾಳಿಗಳು ಆ ಕಡೆಯನ್ನು ನಮಗೇ ನಗುನಗುತ್ತಾ ಬಿಟ್ಟುಕೊಡುತ್ತಿದ್ದರು. ಅವರ ಭಕ್ತಿಯನ್ನು ನಾವು ಮೆಚ್ಚಿಕೊಳ್ಳುತ್ತಿದ್ದೆವು.

ಅರುವತ್ತನೆಯ ಇಸವಿಯ ಆಸುಪಾಸಿನಲ್ಲಿ ನಮಗೆ ಸಿದ್ದೇಗೌಡ ಎಂಬ ಗೋಲ್‌ಕೀಪರ್ ಸಿಕ್ಕಿದ. ಹಳ್ಳಿಯಿಂದ ಬಂದು, ವಿದ್ಯಾರಣ್ಯಪುರಂ ಕಡೆ ತಾಯಿಯೊಂದಿಗೆ ಇದ್ದವನು. ಮರದ ಡಿಪೋ ಒಂದರಲ್ಲಿ ದಿಮ್ಮಿ ಹೊರುವ ಕೂಲಿ. ದಿಮ್ಮಿಯನ್ನು ಹಿಡಿಯುವ ಕೈಗೆ ಚೆಂಡು ಒಂದು ಲೆಕ್ಕವೇ? ಆದರೆ ಅವನಲ್ಲೊಂದು ವಿಚಿತ್ರವಿತ್ತು. ಹಾಫ್ ಟೈಮಿನವರೆಗೆ ಒಂದು ಸೊಳ್ಳೆಯನ್ನೂ ಒಳಗೆ ಬಿಡದವನು, ಆಮೇಲೆ ಎತ್ತರದ ಚೆಂಡು ಬಂದರೆ ಮುಖ ಕಿವುಚಿ, ಕೈ ಅಡ್ಡ ಹಿಡಿದು, ತಡವಾಗಿ ಹಾರುತ್ತಿದ್ದ. ಶೇಷಯ್ಯನವರು ಹೊಂಗೆಮರದಡಿಯಿಂದ ಇದನ್ನು ಮೂರು ಪಂದ್ಯ ಅಭ್ಯಾಸ ಮಾಡಿ ಹುಕುಂ ಹೊರಡಿಸಿದರು: "ಹುಡುಗನಿಗೆ ಪುಕ್ಕಲು. ದಣಿದ ಮೇಲೆ ಕಣ್ಣು ಮುಚ್ಕೋತಾನೆ."

ಈ ಮಾತು ಮೈದಾನದಲ್ಲೇ ಉಳಿದಿದ್ದರೆ ನಾನು ಇದನ್ನೆಲ್ಲ ಬರೆಯಬೇಕಾಗಿರಲಿಲ್ಲ. ಊರಿನ ಒಂದು ಗಿರಣಿಯವರು ಆಗ ತಮ್ಮದೇ ತಂಡ ಕಟ್ಟುತ್ತಿದ್ದರು. ಒಳ್ಳೆಯ ಆಟಗಾರರಿಗೆ ಖಾಯಂ ಕೆಲಸ ಕೊಡುತ್ತಿದ್ದರು. ಸಿದ್ದೇಗೌಡನನ್ನು ನೋಡಿಹೋಗಲು ಬಂದಿದ್ದ ಗಿರಣಿಯ ಮ್ಯಾನೇಜರ್, ತಿಳಿದವರನ್ನು ಕೇಳೋಣವೆಂದು ಶೇಷಯ್ಯನವರನ್ನೇ ಕೇಳಿದರು. ಇವರು ತಿಳಿದದ್ದನ್ನು ಹೇಳಿದರು. ಮ್ಯಾನೇಜರ್ ಹಾಗೆಯೇ ಸೈಕಲ್ ಹತ್ತಿ ಹೋದರು. ನಮ್ಮ ಕ್ಯಾಪ್ಟನ್ ಕೂಡ ಸಿದ್ದೇಗೌಡನನ್ನು ಕೈಬಿಟ್ಟು, ಕಾಲೇಜಿನ ಹುಡುಗನೊಬ್ಬನನ್ನು ಗೋಲಿಗೆ ನಿಲ್ಲಿಸಿದ. ಸಿದ್ದೇಗೌಡ ಡಿಪೋಗೆ ಹಿಂದಿರುಗಿದ.

ಮುಂದಿನ ಪಂದ್ಯಕ್ಕೆ ಯಾರೋ ಮುಖ್ಯ ಅತಿಥಿಗಳು ಬರುವವರಿದ್ದರು. ಅವರಿಗೆ ಬಿಸಿಲು ತಾಗದಿರಲೆಂದು ಹೊಂಗೆಮರದ ಬುಡದಲ್ಲಿಯೇ ಶಾಮಿಯಾನ ಹಾಕಿಸಿದ್ದರು. ಎದೆಗೆ ರಿಬ್ಬನ್ ಚುಚ್ಚಿಕೊಂಡ ಸ್ವಯಂಸೇವಕನೊಬ್ಬ ಶೇಷಯ್ಯನವರಿಗೆ ಆಚೆ ನಿಲ್ಲಬೇಕೆಂದು ಹೇಳಿದ. ಅವರು ಛತ್ರಿ ಮಡಚಿಕೊಂಡರು. ಇಡೀ ಮೈದಾನವನ್ನು ಸುತ್ತಿ, ಇಷ್ಟು ವರ್ಷದಲ್ಲಿ ಕಾಲಿಡದಿದ್ದ ಪೂರ್ವದ ಗೋಲಿನ ಹಿಂದೆ ಹೋಗಿ ನಿಂತರು.

ಹಾಫ್ ಟೈಮ್ ಆಗಿ ಕಡೆ ಬದಲಾಯಿತು. ನಾವು ಎಂದಿನಂತೆ ಪೂರ್ವದ ಗೋಲಿಗೆ ಬಂದೆವು. ಐದೂವರೆ ದಾಟಿತ್ತು. ಎತ್ತರದ ಚೆಂಡೊಂದು ಬಂತು. ಕಾಲೇಜಿನ ಹುಡುಗ ಮುಖ ಕಿವುಚಿ, ಕೈ ಅಡ್ಡ ಹಿಡಿದು, ತಡವಾಗಿ ಹಾರಿದ. ಜನ ಕೂಗಿದರು. ಬಲೆಯಿಂದ ಚೆಂಡು ತೆಗೆಯಲು ನಾನು ಹೋದಾಗ ಶೇಷಯ್ಯನವರು ಹಣೆಗೆ ಕೈಯಿಟ್ಟುಕೊಂಡು ಕಣ್ಣು ಕಿರಿದುಮಾಡಿಕೊಂಡು ನಿಂತಿದ್ದರು.

"ಗೋಲಾಯಿತೇನಯ್ಯ?" ಎಂದರು.

"ಆಯಿತು ಸಾರ್."

"ಯಾವಾಗ?"

ಅವರು ತಮಾಷೆ ಮಾಡುತ್ತಿರಲಿಲ್ಲ. ಮುಳುಗುವ ಸೂರ್ಯ ಎದುರಿನ ಗೋಲಿನ ಅಡ್ಡಪಟ್ಟಿಯ ಮೇಲೆ ನೇರವಾಗಿ ಕೂತಿದ್ದ. ನನ್ನ ಕಣ್ಣಿಗೂ ಎಷ್ಟೋ ವರ್ಷದಿಂದ ಅದೇ ಬಿಸಿಲು ಬೀಳುತ್ತಿತ್ತು. ಆದರೆ ನಾನು ಮೊದಲ ಅರ್ಧದಲ್ಲೂ ಚೆಂಡನ್ನು ಬಿಡುತ್ತಿದ್ದೆನಾದ್ದರಿಂದ ವ್ಯತ್ಯಾಸ ಗೊತ್ತಾಗಿರಲಿಲ್ಲ. ಶೇಷಯ್ಯನವರು ಆಟ ಮುಗಿಯುವವರೆಗೂ ಅಲ್ಲೇ ನಿಂತು, ಇನ್ನೂ ಒಂದು ಗೋಲನ್ನು ನೋಡದೆ, ಮನೆಗೆ ಹೋದರು.

ಮಾರನೆಯ ದಿನ ಸಂಜೆ ಪೇಟ ಸುತ್ತಿಕೊಂಡು ನನ್ನ ಬಾಗಿಲಿಗೆ ಬಂದರು. ಒಂದು ಕ್ಷಣ ನನ್ನ ಮೇಲಿನ ಹುಕುಮೇ ರದ್ದಾಯಿತೆಂದು ಹಿಗ್ಗಿದೆ. ಸಿದ್ದೇಗೌಡನ ಮನೆ ತೋರಿಸಲು ಜೊತೆ ಬೇಕಾಗಿತ್ತಷ್ಟೆ. ಆಗ ಆ ಕಡೆ ಅರ್ಧ ಬಡಾವಣೆ, ಅರ್ಧ ಹೊಲ. ಪೇಟ ಕಂಡ ಒಬ್ಬಾಕೆ ಜನಗಣತಿಯವರೆಂದು ತಿಳಿದು, ಎಮ್ಮೆಯನ್ನೂ ಬರೆಸಬೇಕೇ ಎಂದು ಕೇಳಿದಳು. ಸಿದ್ದೇಗೌಡನ ತಾಯಿ ಹೊಸಿಲಲ್ಲೇ ಕೈಮುಗಿದು ನಿಂತರು.

"ಯಾಕ್ ಬುದ್ಧಿ, ನಮ್ ಹೈದ ಏನಾರ ತಪ್ ಮಾಡುದ್ನಾ?"

"ಅವನಲ್ಲ ತಾಯಿ. ನಾನು."

ಸಿದ್ದೇಗೌಡ ಹೆಗಲ ಮೇಲಿನ ಟವಲು ತೆಗೆದು ಹೊರಗೆ ಬಂದ. ಶೇಷಯ್ಯನವರು ನೆಟ್ಟಗೆ ನಿಂತು ಹುಕುಂ ರದ್ದು ಮಾಡಿದರು. ತಟ್ಟೆಯನ್ನು ಚಾಚಿದರು. ಆದರೆ ಈ ಸಲ ಮಾತು ಅಲ್ಲಿಗೆ ನಿಲ್ಲಲಿಲ್ಲ.

"ಕಣ್ಣಿಗೆ ಬಿಸಿಲು ಹೊಡೆಯುತ್ತೆ ಅಂತ ಯಾಕಯ್ಯ ಒಂದು ಮಾತು ಹೇಳಲಿಲ್ಲ?"

ಅವನು ತಾಯಿಯ ಮುಖ ನೋಡಿದ. "ಬೆಟ್ಟದ್ ತಾಯಿ ಮೊಕ ನೋಡ್ಕಂಡೇ ಸುರು ಮಾಡ್ಬೇಕು ಅಂತ ಎಲ್ರೂ ಅಂದ್ರು ಬುದ್ಧಿ. ಅದು ಬ್ಯಾಡ ಅನ್ನಕೆ ನಾನ್ಯಾರು?"

ಎಲ್ಲರೂ ಎಂದರೆ ಯಾರೆಂದು ಶೇಷಯ್ಯನವರಿಗೆ ಗೊತ್ತಿತ್ತು. ಆಮೇಲೆ ಅಲ್ಲಿಂದಲೇ ಕಾಣುತ್ತಿದ್ದ ಬೆಟ್ಟದ ಕಡೆಗೆ ತಿರುಗಿ ಕೈಮುಗಿದು, ಇನ್ನು ಮುಂದೆ ಹುಡುಗರು ಬೆನ್ನು ಹಾಕಿಯೇ ಶುರು ಮಾಡಲಿ, ಎರಡನೆಯ ಅರ್ಧದಲ್ಲಿ ಹೇಗೂ ನೋಡುತ್ತಾರೆ, ತಾಯಿ ಅಷ್ಟು ಹೊತ್ತು ಕಾಯುತ್ತಾಳೆ ಎಂದು ನನಗೆ ಹೇಳಿದರು. ಹೀಗೆ ಒಂದೇ ಸಂಜೆ ಎರಡು ಹುಕುಂ ಹೋದವು. ಸಿದ್ದೇಗೌಡನ ತಾಯಿ ಕೊಟ್ಟ ಲೋಟದ ಹಾಲನ್ನು ಅವರು ಜಗುಲಿಯ ಮೇಲೆ ಕೂತು ಕುಡಿದರು. ಅಗ್ರಹಾರದಲ್ಲಿ ಇದನ್ನು ಹೇಳಬೇಡ ಎಂದು ನನಗೆ ಅವರೇನೂ ಹೇಳಲಿಲ್ಲ, ನಾನಾಗಿಯೇ ಹೇಳಲಿಲ್ಲ.

ಹಿಂದಿರುಗುವಾಗ ಅವರು ಗಿರಣಿಯ ದಾರಿ ಹಿಡಿದದ್ದು ಕಂಡು ನನಗೆ ದಿಗಿಲಾಯಿತು. ನಮ್ಮ ತಂಡ ಕಪ್ಪಿನ ಪಂದ್ಯಗಳಿಗೆ ಸಿದ್ಧವಾಗುತ್ತಿತ್ತು. ಸಿದ್ದೇಗೌಡನನ್ನು ಮತ್ತೆ ಗೋಲಿಗೆ ನಿಲ್ಲಿಸಿ, ಕಡೆ ಬದಲಿಸಿಕೊಂಡರೆ ಮೊದಲ ಬಾರಿಗೆ ಗೆಲ್ಲುವ ಯೋಗವಿತ್ತು. ಈಗಲೇ ಮ್ಯಾನೇಜರಿಗೆ ಹೇಳಿದರೆ ಅವನು ಗಿರಣಿಯ ಪಾಲಾಗುತ್ತಾನೆ. ನಮ್ಮ ಮೇಲೆಯೇ ಆಡುತ್ತಾನೆ. ಗಿರಣಿಯವರಿಗೆ ಹೇಳುವುದನ್ನು ಮಾತ್ರ ಕಪ್ಪು ಮುಗಿಯುವವರೆಗೆ ತಡೆದುಕೊಳ್ಳಬಾರದೆ, ಎರಡೇ ತಿಂಗಳು ತಾನೆ ಎಂದು ನಾನು ದಾರಿಯುದ್ದಕ್ಕೂ ವಾದಿಸಿದೆ. ಅಗ್ರಹಾರ ಯುನೈಟೆಡ್ ಒಂದು ಕಪ್ಪು ಎತ್ತುವುದನ್ನು ನೋಡಿ ಕಣ್ಣು ಮುಚ್ಚಬೇಕೆಂದು ಹತ್ತು ವರ್ಷದಿಂದ ಹೇಳಿಕೊಂಡು ಬಂದವರು ಅವರೇ. ಅದನ್ನೂ ನೆನಪಿಸಿದೆ.

ಅವರು ನಡಿಗೆ ನಿಲ್ಲಿಸಿದರು.

"ಎರಡು ತಿಂಗಳು ಆ ಹುಡುಗ ದಿಮ್ಮಿ ಹೊರ್ತಾನಲ್ಲ ಮೂರ್ತಿ, ಯಾರ ಮಾತಿಗೆ? ನಮಗೆ ಅನುಕೂಲ ಆದಾಗ ಮಾತ್ರ ರದ್ದು ಮಾಡಿದ್ರೆ ಅದು ತಪ್ಪೊಪ್ಪಿಗೆ ಅಲ್ಲ ಕಣಯ್ಯ, ವ್ಯಾಪಾರ." ಸ್ವಲ್ಪ ದೂರ ಹೋದ ಮೇಲೆ, "ನನಗೂ ಕಪ್ಪು ನೋಡ್ಬೇಕು ಅಂತ ಆಸೆ ಇಲ್ವೇನೋ," ಎಂದರು. ನನ್ನನ್ನು ಅವರು ಅಷ್ಟು ಮೆತ್ತಗೆ ಮಾತಾಡಿಸಿದ್ದು ಅದೊಂದೇ ಸಲ.

ಮ್ಯಾನೇಜರ್ ಪೇಟವನ್ನೂ ಖಾಲಿ ತಟ್ಟೆಯನ್ನೂ ಕಂಡು ಎದ್ದು ನಿಂತರು. ಶೇಷಯ್ಯನವರು, ತಾವು ಆಡಿದ ಮಾತು ಹೊಂಗೆಮರದಡಿಯಿಂದ ಆಡಿದ್ದೆಂದೂ, ಅಲ್ಲಿಂದ ಗೋಲ್‌ಕೀಪರನ ಮುಖ ಕಾಣುತ್ತದೆಯೇ ಹೊರತು ಅವನಿಗೆ ಕಾಣುವುದು ಕಾಣುವುದಿಲ್ಲವೆಂದೂ ವಿವರಿಸಿದರು. ಬೇಕಾದರೆ ಐದೂವರೆಗೆ ಮ್ಯಾನೇಜರೇ ಪೂರ್ವದ ಗೋಲಿನಲ್ಲಿ ನಿಂತು ನೋಡಬಹುದೆಂದರು. ಮ್ಯಾನೇಜರ್ ನಕ್ಕರು. ಆದರೆ ಮರುದಿನ ಐದೂವರೆಗೆ ಸೈಕಲ್ಲನ್ನು ಗೋಲಿಗೆ ಒರಗಿಸಿ, ಹಣೆಗೆ ಕೈಯಿಟ್ಟುಕೊಂಡು ನಿಂತದ್ದನ್ನು ನಾನೇ ಕಂಡೆ.

ಸಿದ್ದೇಗೌಡನಿಗೆ ಆ ತಿಂಗಳಲ್ಲಿಯೇ ಗಿರಣಿಯಲ್ಲಿ ಖಾಯಂ ಕೆಲಸವಾಯಿತು. ಶೇಷಯ್ಯನವರು ಆಮೇಲೆ ಮೈದಾನಕ್ಕೆ ಬರಲಿಲ್ಲ. ಕಾಲಿಗೆ ನೀರು ಇಳಿದು ಮಲಗಿದವರು, ಸಂಕ್ರಾಂತಿಗೆ ನಾಲ್ಕು ದಿನವಿರುವಾಗ ತೀರಿಕೊಂಡರು. ಸಿದ್ದೇಗೌಡ ಗಿರಣಿಯ ಖಾಕಿ ಅಂಗಿಯಲ್ಲೇ ಬಂದು ಬೀದಿಯ ಆಚೆ ಬದಿಯಲ್ಲಿ ನಿಂತಿದ್ದ. ಚಟ್ಟ ಹೊರಟಾಗ ಹಿಂದೆ ನಡೆದು ಬಂದ.

ಮರುತಿಂಗಳು ಕಪ್ಪಿನ ಸೆಮಿಫೈನಲಿನಲ್ಲಿ ನಾವು ಬೆಟ್ಟಕ್ಕೆ ಬೆನ್ನು ಹಾಕಿ ಆಟ ಶುರು ಮಾಡಿದೆವು. ಗಿರಣಿಯ ಗೋಲಿನಲ್ಲಿ ಸಿದ್ದೇಗೌಡ ನಿಂತಿದ್ದ. ಒಂದು–ಸೊನ್ನೆಯಿಂದ ಸೋತೆವು.