ಕೆಳಗೆ ಬಾವಿ ಇದೆ ಎಂದ ದನಿ

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಾನು ನಗುತ್ತಿದ್ದವಳು. ಪಿಯು ಕಾಲೇಜಿನಲ್ಲಿ ಇಪ್ಪತ್ತಾರು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವಳು ನಾನು. ಒಮ್ಮೆ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು, ತೀರಿಹೋದ ತಮ್ಮ ಮಾವ ಜಗಲಿಯ ಮೇಲೆ ಕೂತಿದ್ದನ್ನು ಕಂಡೆ ಎಂದಾಗ, "ಆಗ ಕನ್ನಡಕ ಹಾಕ್ಕೊಂಡಿದ್ರಾ ಮೇಡಂ?" ಎಂದು ಕೇಳಿ ಎಲ್ಲರನ್ನೂ ನಗಿಸಿದ್ದೆ. ಆಕೆ ಒಂದು ತಿಂಗಳು ನನ್ನ ಜೊತೆ ಮಾತಾಡಲಿಲ್ಲ. ಈಗ ನನ್ನ ಸರದಿ ಬಂದಿದೆ. ನೀವು ನಕ್ಕರೆ ನನಗೆ ಬೇಸರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ಅಷ್ಟೆ.

ಐದು ವರ್ಷದ ಹಿಂದೆ, ವಿದ್ಯಾರಣ್ಯಪುರದ ನಮ್ಮ ಮನೆಯಲ್ಲಿ ಬೆಳಿಗ್ಗೆ ಉತ್ತರಪತ್ರಿಕೆ ತಿದ್ದುತ್ತಿರುವಾಗ ನನಗೆ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಪೂರ್ತಿ ಹೋದವು. ಹದಿನೈದು ದಿನ ದೊಡ್ಡಾಸ್ಪತ್ರೆಯಲ್ಲಿಟ್ಟು, ಜೀವಕ್ಕೆ ಭಯವಿಲ್ಲ ಎಂದಮೇಲೆ, ಯಲಹಂಕದ ಒಂದು ಪುನಶ್ಚೇತನ ಕೇಂದ್ರಕ್ಕೆ ಸೇರಿಸಿದರು. ಮತ್ತೆ ನಡೆಯುವುದನ್ನು, ಬಟ್ಟೆ ಹಾಕಿಕೊಳ್ಳುವುದನ್ನು, ತಟ್ಟೆಯಿಂದ ಬಾಯಿಗೆ ಕೈ ಒಯ್ಯುವುದನ್ನು ಕಲಿಸುವ ಜಾಗ ಅದು. ಮೊದಲ ಮೂರು ತಿಂಗಳಲ್ಲಿ ಬಂದಷ್ಟು ಬಲ ಆಮೇಲೆ ಸುಲಭಕ್ಕೆ ಬರುವುದಿಲ್ಲ ಎಂದು ಅಲ್ಲಿನ ಡಾಕ್ಟರು ಮೊದಲ ದಿನವೇ ಹೇಳಿದ್ದರು. ಹಾಗಾಗಿ ಅಲ್ಲಿ ಒಂದೊಂದು ದಿನವೂ ಪರೀಕ್ಷೆಯ ಹಿಂದಿನ ದಿನದಂತೆ ಕಳೆಯುತ್ತಿತ್ತು.

ನನ್ನ ಕಾಯಿಲೆಗೆ ಇನ್ನೊಂದು ವಿಚಿತ್ರ ಗುಣವಿತ್ತು. ಎಡಗಡೆ ಏನಿದೆಯೋ ಅದು ನನ್ನ ಲೆಕ್ಕಕ್ಕೇ ಬರುತ್ತಿರಲಿಲ್ಲ. ಕಣ್ಣು ಸರಿಯಿತ್ತು, ಆದರೆ ಮಿದುಳು ಆ ಅರ್ಧ ಜಗತ್ತನ್ನು ಮರೆತಿತ್ತು. ತಟ್ಟೆಯ ಬಲಭಾಗದ ಇಡ್ಲಿ ತಿಂದು ಮುಗಿಯಿತೆಂದು ಕೂರುತ್ತಿದ್ದೆ. ಆಯಾ ಲಕ್ಷ್ಮೀದೇವಮ್ಮ ತಟ್ಟೆಯನ್ನು ಸುಮ್ಮನೆ ತಿರುಗಿಸಿ, "ಇನ್ನೂ ಎರಡೈತೆ ನೋಡಮ್ಮಾ" ಎನ್ನುತ್ತಿದ್ದರು. ನನ್ನ ಕೋಣೆಯಲ್ಲಿ ಎಡಗಡೆ ಇನ್ನೊಂದು ಮಂಚವಿದೆ, ಅದರಲ್ಲಿ ಒಬ್ಬ ಮುದುಕಿ ಮಲಗಿದ್ದಾರೆ ಎನ್ನುವುದು ನನಗೆ ತಿಳಿದದ್ದು ನಾಲ್ಕನೆಯ ದಿನ. ಅಷ್ಟು ದಿನ ನನ್ನ ಪಾಲಿಗೆ ಅಲ್ಲಿ ಯಾರೂ ಇರಲಿಲ್ಲ.

ಆಕೆಯ ಹೆಸರು ಮುನಿಯಮ್ಮ. ಕೊಡಿಗೇಹಳ್ಳಿಯವರು. ಊರು ನಗರದೊಳಗೆ ಸೇರುವ ಮುಂಚೆ ಅಲ್ಲಿ ರಾಗಿ, ಸೊಪ್ಪು ಬೆಳೆಯುತ್ತಿದ್ದ ಮನೆತನ. ಅವರಿಗೂ ಲಕ್ವವೇ. ಆದರೆ ನನಗೆ ಕೈಕಾಲು ಹೋಗಿ ಮಾತು ಉಳಿದಿದ್ದರೆ, ಅವರಿಗೆ ಕೈಕಾಲು ಸ್ವಲ್ಪ ಉಳಿದು ಮಾತು ಪೂರ್ತಿ ಹೋಗಿತ್ತು. "ಊಂ" ಎನ್ನುವ ಒಂದು ಸದ್ದು ಬಿಟ್ಟರೆ ಬಾಯಲ್ಲಿ ಏನೂ ಬರುತ್ತಿರಲಿಲ್ಲ. ಸೊಸೆ ಮಂಜುಳಾ ದಿನಾ ಸಂಜೆ ಬಂದು ಅವರ ಬಾಯಿಯ ಹತ್ತಿರ ಕಿವಿಯಿಟ್ಟು, "ಅತ್ತೆ, ಮಂಜೂ ಅನ್ನಿ. ಮಂಜೂ" ಎಂದು ಹತ್ತಾರು ಸಲ ಹೇಳುತ್ತಿದ್ದಳು. ಮುನಿಯಮ್ಮನ ತುಟಿ ನಡುಗುತ್ತಿತ್ತು. ಆಮೇಲೆ ಅದೇ "ಊಂ."

ಐದನೆಯ ವಾರದ ಒಂದು ದಿನ ಬೆಳಿಗ್ಗೆ ನಾನು ಜಿಮ್ ಹಾಲಿನ ಕಂಬಿ ಹಿಡಿದು ಎರಡು ನಿಮಿಷ ನಿಂತೆ. ಫಿಸಿಯೋ ಶ್ವೇತಾ ಚಪ್ಪಾಳೆ ತಟ್ಟಿದಳು. ಮಂಚದ ಅಂಚಿಗೆ ಸರಿದು, ಎರಡೂ ಕಾಲು ನೆಲಕ್ಕೆ ಊರಿ ಕೂರುವುದು ಮುಂದಿನ ಪಾಠ, ಆದರೆ ಯಾರಾದರೂ ಪಕ್ಕದಲ್ಲಿದ್ದಾಗ ಮಾತ್ರ ಎಂದು ಎಚ್ಚರಿಸಿದಳು. ನನಗೆ ಹುಮ್ಮಸ್ಸು ಏರಿತ್ತು. ನಾಲ್ಕು ಗಂಟೆಗೆ ಗಂಡ ಬರುವಷ್ಟರಲ್ಲಿ ಒಬ್ಬಳೇ ಎದ್ದು ಕೂತಿರಬೇಕು, ಅವರು ಬಾಗಿಲಲ್ಲೇ ನಿಂತು ನೋಡಬೇಕು ಎಂದುಕೊಂಡೆ.

ಊಟವಾದ ಮೇಲೆ ಎರಡರಿಂದ ನಾಲ್ಕರ ತನಕ ಎಲ್ಲರಿಗೂ ವಿಶ್ರಾಂತಿ. ಕಿಟಕಿಯಿಂದ ಬಿಸಿಲು ಧಾರಾಳವಾಗಿ ಬೀಳುತ್ತಿತ್ತು. ಮೇಲೆ ವಾಯುನೆಲೆಯ ವಿಮಾನವೊಂದು ಸುತ್ತು ಹಾಕಿ ಹೋಗಿ ಸದ್ದು ಅಡಗಿತ್ತು. ಬಲಕ್ಕೆ ಗೋಡೆಯಿದ್ದುದರಿಂದ ನಾನು ಇಳಿಯಬೇಕಾದದ್ದು ಎಡಕ್ಕೆ, ಎರಡು ಮಂಚಗಳ ನಡುವಿನ ಜಾಗಕ್ಕೆ. ಕಲಿಸಿದಂತೆ ಬಲಗಾಲನ್ನು ಎಡಗಾಲಿನ ಅಡಿಗೆ ತೂರಿಸಿ, ಎರಡನ್ನೂ ಒಟ್ಟಿಗೆ ಅಂಚಿನಿಂದ ಹೊರಕ್ಕೆ ತಳ್ಳಿದೆ. ಬಲಗೈಯೂರಿ ಮೇಲೆದ್ದೆ. ಪಾದಗಳು ನೆಲದಿಂದ ಒಂದು ಗೇಣು ಮೇಲೆ ತೂಗಾಡುತ್ತಿದ್ದವು. ಇನ್ನು ಮುಂದಕ್ಕೆ ಜರುಗಿದರೆ ಆಯಿತು.

"ತಂಗೀ, ಕಾಲು ಕೆಳಗ ಇಡಬ್ಯಾಡ. ಕೆಳಗ ಬಾವಿ ಐತಿ."

ಎಡಗಡೆಯಿಂದ ಬಂತು. ಪಿಸುಮಾತಲ್ಲ, ಪಕ್ಕದ ಕೋಣೆಗೂ ಕೇಳುವಷ್ಟು ಗಟ್ಟಿ ದನಿ. ಅದು ನಮ್ಮವ್ವನ ದನಿ. ನಾನು ಗದಗಿನವಳು, ಅಲ್ಲಿ ತಾಯಂದಿರು ಮಗಳನ್ನೂ ತಂಗಿ ಎಂದೇ ಕರೆಯುವುದುಂಟು. ಅವ್ವ ಸತ್ತು ಆಗಲೇ ಹನ್ನೊಂದು ವರ್ಷವಾಗಿತ್ತು.

ನಾನು ಕೆಳಗೆ ನೋಡಿದೆ. ಬಿಳಿ ಟೈಲ್ಸ್ ಕಂಡವು. ಇದನ್ನು ಸ್ಪಷ್ಟವಾಗಿ ಹೇಳಬೇಕು, ನನಗೆ ಬಾವಿ ಕಾಣಲಿಲ್ಲ. ಆದರೆ ಕೆಳಗಿನಿಂದ ತಣ್ಣನೆಯ ಗಾಳಿ ಎದ್ದು ಪಾದಕ್ಕೆ ತಗುಲಿತು. ಬಲಪಾದಕ್ಕೆ ಮಾತ್ರವಲ್ಲ. ಸೂಜಿ ಚುಚ್ಚಿದರೂ ಗೊತ್ತಾಗದ ನನ್ನ ಎಡಪಾದಕ್ಕೂ ಆ ತಂಪು ತಗುಲಿತು. ಹಸಿ ಕಲ್ಲಿನ ಮೇಲಿನ ಪಾಚಿಯ ವಾಸನೆ ಬಂತು. ನಾನು ಕಿರುಚಿದೆ. ಬಲಗೈಯಿಂದ ಎಡಗಾಲನ್ನು ಮೂಟೆಯಂತೆ ಎತ್ತಿ ಮಂಚದ ಮೇಲೆ ಎಳೆದುಕೊಂಡು ಗೋಡೆಗೆ ಒತ್ತಿಕೊಂಡೆ.

ಲಕ್ಷ್ಮೀದೇವಮ್ಮ ಓಡಿಬಂದರು. ಕೋಣೆಯನ್ನೆಲ್ಲ ಒಮ್ಮೆ ನೋಡಿ, "ಎಲ್ಲಿ, ವೊಂಟೋದ್ರಾ?" ಎಂದರು.

"ಯಾರು?"

"ಅದೇ, ನಿಮ್ಮ ಕಡೆ ಮಾತಲ್ಲಿ ಯಾರೋ ಮಾತಾಡ್ತಿದ್ರಲ್ಲಮ್ಮಾ. ದಿನಾ ಫೋನಲ್ಲಿ ಮಾತಾಡ್ತೀರಲ್ಲ, ಆ ನಿಮ್ಮಕ್ಕ ಬಂದವ್ರೆ ಅಂದ್ಕೊಂಡು ನಾನು ವರಾಂಡದಲ್ಲೇ ಕೂತಿದ್ದೆ."

ನಾನು ಕತ್ತನ್ನು ಬಲವಂತವಾಗಿ ಎಡಕ್ಕೆ ತಿರುಗಿಸಿದೆ. ಮುನಿಯಮ್ಮ ಎಚ್ಚರವಾಗಿದ್ದರು. ನನ್ನನ್ನು ನೋಡುತ್ತಿರಲಿಲ್ಲ. ಎರಡು ಮಂಚಗಳ ನಡುವಿನ ನೆಲವನ್ನು ರೆಪ್ಪೆ ಬಡಿಯದೆ ನೋಡುತ್ತಿದ್ದರು.

ಅಂದಿನಿಂದ ನಾನು ಆ ನೆಲಕ್ಕೆ ಕಾಲಿಡಲಿಲ್ಲ. ಜಿಮ್ ಹಾಲಿನಲ್ಲಿ ಕಂಬಿ ಹಿಡಿದು ನಿಲ್ಲುತ್ತಿದ್ದೆ, ಕೋಣೆಗೆ ಬಂದರೆ ಕಾಲು ಕೆಳಗಿಳಿಸುತ್ತಿರಲಿಲ್ಲ. ಇಬ್ಬರು ಸೇರಿ ಎತ್ತಿಯೇ ಗಾಲಿಕುರ್ಚಿಗೆ ಕೂರಿಸಬೇಕು. ಬೇರೆ ಕೋಣೆ ಕೇಳಿದೆ, ಖಾಲಿಯಿರಲಿಲ್ಲ. ಬಲಗಡೆಯಿಂದ ಇಳಿಯಲಿ ಎಂದು ಮಂಚವನ್ನು ಗೋಡೆಯಿಂದ ಈಚೆಗೆ ಎಳೆದರು. ಅಲ್ಲಿಯೂ ಆಗಲಿಲ್ಲ. ಮೊಳಕಾಲು ಬಿಗಿಯತೊಡಗಿತು. "ಏನಾಗಿದೆ ನಿನ್ಗೆ? ಹೇಳು, ಹೇಳಿದ್ರೆ ತಾನೆ ಗೊತ್ತಾಗೋದು?" ಎಂದು ಗಂಡ ಬೇಡಿಕೊಂಡರು. ಬೀಳುವ ಭಯ ಎಂದಷ್ಟೇ ಹೇಳಿದೆ. ಜೀವಮಾನವೆಲ್ಲ ಬೇರೆಯವರನ್ನು ನೋಡಿ ನಕ್ಕವಳು ಇನ್ನೇನು ತಾನೆ ಹೇಳಲಿ?

ಡಾಕ್ಟರಿಗೆ ಮಾತ್ರ ಹೇಳಿದೆ. ಅವರು ನಗಲಿಲ್ಲ. ಪೆಟ್ಟಾದ ಮಿದುಳು ಹಳೆಯ ದನಿಗಳನ್ನು ಹೊರಗಿನವು ಎಂಬಂತೆ ಕೇಳಿಸುವುದುಂಟು ಎಂದು ಸಮಾಧಾನವಾಗಿ ವಿವರಿಸಿದರು. "ಆಯಾಗೂ ಕೇಳಿಸ್ತಲ್ಲ ಡಾಕ್ಟ್ರೇ?" ಎಂದೆ. ಅವರು ನಿದ್ದೆ ಚೆನ್ನಾಗಿ ಬರುತ್ತಿದೆಯೇ ಎಂದು ಕೇಳಿದರು.

ಒಂದು ಸಂಜೆ ತಡೆಯಲಾರದೆ ಮಂಜುಳಾಳನ್ನು ಹತ್ತಿರ ಕರೆದೆ. ನಿಮ್ಮತ್ತೆ ಯಾವತ್ತಾದರೂ ಉತ್ತರ ಕರ್ನಾಟಕದ ಕಡೆ ಇದ್ದರೇ ಎಂದು ವಿಚಾರಿಸಿದೆ. "ಎಲ್ಲಿ ಬಂತು ಮೇಡಂ, ಯಲಹಂಕ ಸಂತೆ ಬಿಟ್ರೆ ಎಲ್ಗೂ ವೋದೋರಲ್ಲ" ಎಂದಳು. ನಿದ್ದೆಯಲ್ಲಾದರೂ ಏನಾದರೂ ಮಾತಾಡುತ್ತಾರೆಯೇ ಎಂದು ಕೇಳಿದ್ದೇ ತಡ, ಅವಳು ನನ್ನ ಕೈ ಹಿಡಿದುಕೊಂಡಳು.

"ಮಾತಾಡುದ್ರಾ? ನೀವು ಕೇಳುಸ್ಕೊಂಡ್ರಾ ಮೇಡಂ? ಮಾತೋಗಿ ನಾಕ್ ತಿಂಗ್ಳಾಯ್ತು. ಏನಂದ್ರು? ಬಾಯ್ಬಿಟ್ಟು ಏಳಿ."

ಅವಳ ಕಣ್ಣಿನಲ್ಲಿ ಆಸೆ ತುಂಬಿತ್ತು. ಏನೆಂದು ಹೇಳುವುದು? ನಿಮ್ಮತ್ತೆ ಮಾತಾಡಿದರು, ಆದರೆ ಸತ್ತ ನಮ್ಮವ್ವನ ದನಿಯಲ್ಲಿ ಎಂದೇ? "ಇಲ್ಲಮ್ಮ, ಸುಮ್ನೆ ಕೇಳ್ದೆ" ಎಂದುಬಿಟ್ಟೆ. ಅವಳು ಕೈಬಿಟ್ಟು ಹೋಗಿ ಅತ್ತೆಯ ತಲೆ ಬಾಚತೊಡಗಿದಳು.

ಮಾರನೆಯ ದಿನ ಗದಗಿಗೆ ಫೋನ್ ಮಾಡಿದೆ. ಅಕ್ಕ ನನಗಿಂತ ಎಂಟು ವರ್ಷ ದೊಡ್ಡವಳು. ನಮ್ಮ ಮನೆಯಲ್ಲಿ ಯಾವಾಗಲಾದರೂ ಬಾವಿಯಿತ್ತೇ ಎಂದು ಕೇಳಿದೆ.

"ಅದು ನಿನಗ ಯಾರು ಹೇಳಿದ್ರು?" ಎಂದಳು.

ನಾನು ಹುಟ್ಟಿದಾಗ ನಾವಿದ್ದ ಬಾಡಿಗೆ ಮನೆಯ ನಡುಮನೆಯಲ್ಲಿ ಒಂದು ಹಳೆಯ ಬಾವಿ ಇತ್ತಂತೆ. ಮೇಲೆ ಹಲಗೆ ಹಾಸಿ, ಸಗಣಿ ಸಾರಿಸಿ ನೆಲ ಮಾಡಿದ್ದರು. ನನಗೆ ಇನ್ನೂ ಎರಡು ತುಂಬಿರಲಿಲ್ಲ. ಒಂದು ದಿನ ಹಲಗೆ ಮುರಿದು ಅವ್ವನ ಒಂದು ಕಾಲು ತೊಡೆಯ ತನಕ ಒಳಗೆ ಹೋಯಿತು. ಆಗ ನಾನು ಪಕ್ಕದ ಹೊರಸಿನ ಮೇಲೆ ಕೂತು ಅವಳ ಹತ್ತಿರ ಇಳಿಯಲು ಕಾಲು ಚಾಚಿದ್ದೆ. ನೆರೆಯವರು ಬಂದು ಎಳೆಯುವ ತನಕ ಅವ್ವ ತನ್ನನ್ನು ಹಿಡಿಯಿರಿ ಎಂದು ಕೂಗಲೇ ಇಲ್ಲವಂತೆ. ನನ್ನನ್ನು ನೋಡಿ, ಕಾಲು ಕೆಳಗ ಇಡಬ್ಯಾಡ, ಕೆಳಗ ಬಾವಿ ಐತಿ ಎಂದು ಅದೊಂದೇ ಮಾತನ್ನು ಹೇಳುತ್ತಿದ್ದಳಂತೆ. "ಆ ತಿಂಗಳದಾಗ ಮನಿ ಬಿಟ್ವಿ. ಅವ್ವ ಆಮ್ಯಾಲೆ ಅದರ ಸುದ್ದಿ ಎತ್ತಿದಾಕಿ ಅಲ್ಲ. ನಾನೂ ಯಾರಿಗೂ ಹೇಳಿಲ್ಲ" ಎಂದಳು ಅಕ್ಕ.

ಕಾರಣ ತಿಳಿದರೆ ಭಯ ಹೋಗುತ್ತದೆ ಎಂದು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ. ನನ್ನ ಭಯ ಆ ಫೋನಿನ ನಂತರ ಇಮ್ಮಡಿಯಾಯಿತು.

ದನಿ ಕೇಳಿದ ಒಂಬತ್ತನೆಯ ದಿನ ಮಧ್ಯಾಹ್ನ ಶ್ವೇತಾ ಬಂದಳು. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ಎರಡು ಮಂಚಗಳ ನಡುವೆ ಅದೇ ಟೈಲ್ಸ್ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಅಂಗೈ ಎರಡನ್ನೂ ನೆಲದ ಮೇಲೆ ಹರಡಿ, "ಮೇಡಂ, ನೆಲದ ಮೇಲೆ ಇಡ್ಬೇಡಿ ಬಿಡಿ. ನನ್ ಕೈ ಮೇಲೆ ಇಡಿ. ನೀವು ಬಿದ್ರೆ ಮೊದ್ಲು ನಾನು ಬೀಳ್ತೀನಿ, ಸರೀನಾ?" ಎಂದಳು. ನನ್ನ ಮಗಳ ವಯಸ್ಸಿನ ಹುಡುಗಿ. "ಏಳು, ಅಲ್ಲಿಂದ ಏಳು" ಎಂದೆ. ಅವಳು ಏಳಲಿಲ್ಲ.

ಹತ್ತು ನಿಮಿಷವಾಗಿರಬೇಕು. ಅವಳನ್ನು ಅಲ್ಲಿಂದ ಬೇಗ ಎಬ್ಬಿಸಬೇಕಾದರೆ ನಾನು ಕಾಲಿಡಲೇಬೇಕು ಎನ್ನುವುದು ಅರ್ಥವಾಯಿತು. ಕಣ್ಣು ಮುಚ್ಚಿ ಕಾಲು ಇಳಿಬಿಟ್ಟೆ.

ಆಗ ಮುನಿಯಮ್ಮ ಕೂಗತೊಡಗಿದರು. "ಊಂ, ಊಂ" ಎಂದು, ಯಾವತ್ತೂ ಕೇಳದಷ್ಟು ಜೋರಾಗಿ. ಮಂಚದ ಕಂಬಿ ಹಿಡಿದು ಅಲ್ಲಾಡಿಸಿದರು. ಶ್ವೇತಾಳ ಮುಖವೂ ಬಿಳಿಚಿಕೊಂಡಿತು, ಆದರೆ ಅವಳು ಕೈ ತೆಗೆಯಲಿಲ್ಲ. ನನ್ನ ಬಲಪಾದ ಅವಳ ಬೆಚ್ಚನೆಯ ಅಂಗೈಗೆ ತಗುಲಿತು. ಎಡಪಾದವನ್ನು ಅವಳೇ ಎತ್ತಿಟ್ಟುಕೊಂಡಳು. ಮೆಲ್ಲಗೆ ಒಂದು ಕೈ ಜಾರಿಸಿದಳು, ಆಮೇಲೆ ಇನ್ನೊಂದು. ನೆಲ ನೆಲವಾಗಿಯೇ ಇತ್ತು. ಮುನಿಯಮ್ಮ ತಟ್ಟನೆ ನಿಲ್ಲಿಸಿ ಮಗ್ಗುಲು ತಿರುಗಿದರು. ನಾನು ಮೈಯೆಲ್ಲ ಬೆವರಿ ಅಳುತ್ತಿದ್ದೆ.

ಆ ವಾರವೇ ಮುನಿಯಮ್ಮನನ್ನು ಮನೆಗೆ ಕರೆದುಕೊಂಡು ಹೋದರು. ನಾನು ಇನ್ನೊಂದು ತಿಂಗಳಿಗೆ ವಾಕರ್ ಹಿಡಿದು ಹೊರಬಂದೆ. ಎಡಗೈ ಇವತ್ತಿಗೂ ಅರ್ಧ ಮಾತ್ರ ಕೇಳುತ್ತದೆ, ಕಾಲು ಪರವಾಗಿಲ್ಲ.

ನಾನು ಬಹಳ ಯೋಚಿಸಿದ್ದೇನೆ. ಲಕ್ಷ್ಮೀದೇವಮ್ಮ ವರಾಂಡದಲ್ಲಿದ್ದರು, ಯಾವ ಮಂಚದಿಂದ ದನಿ ಬಂತೆಂದು ಅವರಿಗೆ ಗೊತ್ತಿಲ್ಲ. ಒಂದು ವೇಳೆ ಮಾತಾಡಿದವಳು ನಾನೇ ಇರಬಹುದೇ? ಎರಡು ತುಂಬದ ಕೂಸು ಕೇಳಿದ್ದ ಮಾತು ನನಗೇ ತಿಳಿಯದೆ ನನ್ನ ಬಾಯಿಂದ ಬಂದಿತೇ? ಬಂದಿತೆಂದೇ ಇಟ್ಟುಕೊಳ್ಳೋಣ. ಹಾಗಾದರೆ ಮುನಿಯಮ್ಮ ಆ ನೆಲದಲ್ಲಿ ಏನನ್ನು ನೋಡುತ್ತಿದ್ದರು? ನಾನು ಕಾಲಿಡುವಾಗ ಅಷ್ಟು ಕೂಗಿದ್ದೇಕೆ?

ಅವರನ್ನೇ ಕೇಳೋಣವೆಂದು, ಉತ್ತರ ಸಿಗುವುದಿಲ್ಲ ಎಂದು ಗೊತ್ತಿದ್ದರೂ, ಕೋಲೂರಿಕೊಂಡು ನಡೆಯುವಂತಾದ ಮೇಲೆ ಕೊಡಿಗೇಹಳ್ಳಿಗೆ ಹೋದೆ. ಮುನಿಯಮ್ಮ ತೀರಿಕೊಂಡು ಇಪ್ಪತ್ತು ದಿನವಾಗಿತ್ತು. ಕೊನೆಯ ತನಕ ಮಾತು ಬರಲಿಲ್ಲವಂತೆ. ಮಂಜುಳಾ ಕಾಫಿ ತಂದುಕೊಟ್ಟು ಎದುರಿಗೆ ಕೂತಳು.

"ಆವತ್ತು ಕೇಳುದ್ರಲ್ಲ ಮೇಡಂ, ನಮ್ಮತ್ತೆ ಮಾತಾಡ್ತಾರಾ ಅಂತ. ನನ್ಗೆ ಆಗ್ಲೇ ಅನುಮಾನ. ಈಗಾದ್ರೂ ನಿಜ ಏಳಿ."

ಈ ಸಲ ಸುಳ್ಳು ಹೇಳಲಾಗಲಿಲ್ಲ. ಎಲ್ಲವನ್ನೂ ಹೇಳಿದೆ, ಬಾವಿಯ ಸಂಗತಿಯನ್ನೂ. ಅವಳು ನಗಲಿಲ್ಲ, ಹೆದರಲೂ ಇಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಿದ್ದು ಕೊನೆಗೆ ಒಂದೇ ಮಾತು ಕೇಳಿದಳು.

"ದನಿ ಎಂಗಿತ್ತು ಮೇಡಂ?"

"ಗಟ್ಟಿಯಾಗಿತ್ತಮ್ಮ" ಎಂದೆ.

ಅತ್ತೆಯ ಬಾಯಿಂದ ಒಮ್ಮೆಯಾದರೂ ಮಾತು ಬಂತಲ್ಲ ಎನ್ನುವಂತೆ ಅವಳು ಕಣ್ಣೊರೆಸಿಕೊಂಡು ತಲೆಯಾಡಿಸಿದಳು. ನಾನು ಹೇಳಿದ್ದು ನಿಜ, ದನಿ ಗಟ್ಟಿಯಾಗಿಯೇ ಇತ್ತು. ಅದು ಯಾರದು ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ.