ಆಯಿಯನ್ನು ಹೊತ್ತು ತಂದವರು

ನಮ್ಮಪ್ಪ ಧರೆಪ್ಪ ತನ್ನ ಜನ್ಮದಲ್ಲಿ ನಾಲ್ಕು ಜನ ನೆನೆಯುವಂಥ ಕೆಲಸ ಮಾಡಿದ್ದು ಒಂದೇ ಒಂದು. ಅದನ್ನೂ ಉಳಿಸಿಕೊಳ್ಳಲಿಲ್ಲ. ಸಿಟ್ಟು ಇಳಿದ ಮೇಲೆ ಇದನ್ನು ಬರೆಯೋಣ ಎಂದು ಎರಡು ವರ್ಷ ಕಾದೆ. ಇಳಿಯಲಿಲ್ಲ, ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ.

ಅನಗವಾಡಿಯ ಆಚೆ ಹೊಳೆದಂಡೆಯಲ್ಲಿ ನಮ್ಮ ಊರಿತ್ತು. ಆಲಮಟ್ಟಿಯ ಹಿನ್ನೀರು ಬರುತ್ತದೆಂದು ಎಲ್ಲರೂ ಬಾಗಿಲು, ಚೌಕಟ್ಟು, ತೊಲೆಗಳನ್ನು ಕಿತ್ತು ಪುನರ್ವಸತಿ ಕೇಂದ್ರಕ್ಕೆ ಸಾಗಿಸಿದರು. ನನಗಾಗ ಹನ್ನೆರಡು ವರ್ಷ. ಅಪ್ಪನ ತಾಯಿ ಸಾತವ್ವ, ನಮ್ಮೆಲ್ಲರ ಆಯಿ, ಒಬ್ಬಳು ಮಾತ್ರ ಏಳಲಿಲ್ಲ. ಮಾಳಿಗೆ ಬಿಚ್ಚಿದ ಮನೆಯಲ್ಲಿ ಬೀಸುಕಲ್ಲು ತಬ್ಬಿಕೊಂಡು ಕೂತಳು. ನೀರು ಹಿತ್ತಲಿಗೆ ಬಂದರೂ ‘ನಾ ಒಲ್ಲೆ’ ಎಂದಳು. ಕೊನೆಗೆ ಅಪ್ಪ ಒಳಗೆ ಹೋಗಿ ಅವಳನ್ನು ಬೆನ್ನ ಮೇಲೆ ಹಾಕಿಕೊಂಡು, ಮೊಣಕಾಲುದ್ದ ನೀರಿನಲ್ಲಿ ಟ್ರ್ಯಾಕ್ಟರಿನ ತನಕ ನಡೆದು ಬಂದ. ಆಯಿ ದಾರಿಯುದ್ದಕ್ಕೂ ಅವನ ತಲೆಗೆ ಗುದ್ದುತ್ತಿದ್ದಳು. ‘ಇಳಸಲೇ ಮೂಳಾ, ಇಳಸು!’ ಟ್ರೇಲರಿನಲ್ಲಿ ತೊಲೆಗಳ ಮೇಲೆ ಕೂತು ನಾನು ಎಲ್ಲ ನೋಡಿದೆ. ದೊಡ್ಡಪ್ಪ ಗಿರಿಮಲ್ಲಪ್ಪ ಅಲ್ಲಿರಲೇ ಇಲ್ಲ. ಹಿಂದಿನ ದಿನವೇ ಹೊಸ ಜಾಗಕ್ಕೆ ಹೋಗಿ, ಇಳಿಸಿದ ಬಾಗಿಲುಗಳನ್ನು ಯಾರೂ ಎತ್ತಿಕೊಂಡು ಹೋಗದಂತೆ ಕಾಯುತ್ತಿದ್ದ.

ಹೊಸ ಊರಿನಲ್ಲಿ ಅಪ್ಪ ಪಂಚಾಯ್ತಿಯ ನೀರು ಬಿಡುವ ಕೆಲಸ ಹಿಡಿದ. ವಾಲ್ವ್ ತಿರುಗಿಸುವುದು, ಮಂದಿಯ ಕೈಲಿ ಬೈಸಿಕೊಳ್ಳುವುದು, ಮನೆಗೆ ಬಂದು ಉಂಡು ಮಲಗುವುದು. ಕೇಳಿದರೆ ಒಂದು ಮಾತು, ಕೇಳದಿದ್ದರೆ ಅದೂ ಇಲ್ಲ. ದೊಡ್ಡಪ್ಪ ಇದಕ್ಕೆ ತದ್ವಿರುದ್ಧ. ಚಹಾದಂಗಡಿಯ ಮುಂದೆ ಅವನು ಬಾಯಿ ತೆರೆದನೆಂದರೆ ಕೇಳುತ್ತ ಕೂತವರಿಗೆ ಬಸ್ಸು ಹೋದದ್ದೂ ತಿಳಿಯುತ್ತಿರಲಿಲ್ಲ. ಆಯಿಯ ಕಥೆಯನ್ನು ಊರಿಗೆಲ್ಲ ಹಬ್ಬಿಸಿದವನೂ ಅವನೇ. ಮೊದಮೊದಲು ‘ನನ್ನ ತಮ್ಮ ಹೊತ್ತು ತಂದ’ ಎಂದೇ ಹೇಳುತ್ತಿದ್ದ, ಅದೂ ಹೆಮ್ಮೆಯಿಂದ. ಆಯಿ ಬದುಕಿರುವ ತನಕ ಹಾಗೇ ಇತ್ತು. ಅವಳು ತೀರಿಕೊಂಡ ಮೇಲೆ ಕಥೆಯಲ್ಲಿ ಅಣ್ಣ ತಮ್ಮ ಇಬ್ಬರೂ ಸೇರಿ ಹೊರತೊಡಗಿದರು. ನನ್ನ ಮದುವೆಯ ಹೊತ್ತಿಗೆ ತಮ್ಮ ಪೂರ್ತಿ ಮಾಯವಾಗಿದ್ದ. ಹಂದರದಲ್ಲಿ, ಬೀಗರ ಮುಂದೆ, ದೊಡ್ಡಪ್ಪ ತನ್ನ ನೆತ್ತಿ ಮುಟ್ಟಿ ತೋರಿಸಿದ.

‘ಇಲ್ಲೇ ನೋಡ್ರಿ, ಇಲ್ಲೇ ಗುದ್ದಿದ್ಲು ನಮ್ಮವ್ವ.’

ಹೇಳುತ್ತ ಅತ್ತ. ಬೀಗರೂ ಅತ್ತರು. ಅಪ್ಪ ಪಕ್ಕದಲ್ಲೇ ನೀರಿನ ಜಗ್ಗು ಹಿಡಿದು ನಿಂತಿದ್ದ. ಮದುಮಗಳೆಂಬುದನ್ನೂ ಮರೆತು ನಾನು ಅವನ ತೋಳು ಎಳೆದೆ.

‘ಅಪ್ಪಾ, ಒಂದ್ ಮಾತರ ಆಡು.’

‘ಇರ್ಲಿ ಬಿಡವ್ವ. ಹಿರ್ಯಾವ ಅದಾನ. ನಾಕ್ ಮಂದ್ಯಾಗ ಅವನ್ನ ಸುಳ್ಳ ಮಾಡ್ಲೇನು?’

ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ ಎನ್ನುತ್ತಾರೆ. ಬಾಯಿಲ್ಲದವನ ಗತಿ ಏನೆಂದು ಯಾರೂ ಹೇಳುವುದಿಲ್ಲ.

೨೦೧೪ರಲ್ಲಿ ನಮ್ಮೂರ ಹುಡುಗರು ಮುಳುಗಿದ ಊರಿನ ನೆನಪುಗಳದೊಂದು ಪುಸ್ತಕ ಮಾಡಲು ಹೊರಟರು. ದೊಡ್ಡಪ್ಪನ ಕಥೆ ಅದರಲ್ಲಿ ಸೇರುವುದು ಖಂಡಿತವಿತ್ತು. ಚಹಾದಂಗಡಿಯ ಮಾತು ಗಾಳಿಗೆ ಹೋಗುತ್ತದೆ, ಅಚ್ಚಾದದ್ದು ಮೊಮ್ಮಕ್ಕಳ ತನಕ ಉಳಿಯುತ್ತದೆ. ಅದಕ್ಕೇ ಹಿರಿಯರ ಮಾತು ರೆಕಾರ್ಡ್ ಮಾಡಿಕೊಳ್ಳಲು ನನ್ನ ಗೆಳತಿ ಶೀತಲಳನ್ನು ನಾನೇ ಕರೆಸಿದೆ. ತೇರದಾಳದ ಜೈನರ ಮನೆಯವಳು, ಜಮಖಂಡಿಯ ಕಾಲೇಜೊಂದರಲ್ಲಿ ಮನಶ್ಶಾಸ್ತ್ರ ಕಲಿಸುತ್ತಾಳೆ. ಮನಸ್ಸು ಓದಿದವಳು, ಸುಳ್ಳನ್ನು ಅಲ್ಲೇ ಹಿಡಿಯುತ್ತಾಳೆ ಎಂಬುದು ನನ್ನ ಲೆಕ್ಕಾಚಾರ.

ದೊಡ್ಡಪ್ಪನ ಹತ್ತಿರ ಒಂದು ತಾಸು ಕೂತು ಹೊರಗೆ ಬಂದವಳೇ ‘ಅವರು ಸುಳ್ಳ ಹೇಳಾಕತ್ತಿಲ್ಲ’ ಅಂದಳು.

‘ಮತ್ತ ಖರೆ ಹೇಳಾಕತ್ತಾನೇನು?’

‘ಖರೇನೂ ಅಲ್ಲ. ಅವರಿಗೆ ಹಂಗ ನೆನಪೈತಿ. ನೆನಪಂದ್ರ ಟ್ರಂಕಿನ್ಯಾಗ ಇಟ್ಟ ಸೀರಿ ಅಲ್ಲ, ತಗದಾಗೊಮ್ಮೆ ಹಂಗ ಇರಾಕ. ಪ್ರತಿ ಸಲ ಹೊಸದಾಗಿ ನೇಯ್ಬೇಕಾಗತೈತಿ, ಆಗ ಬ್ಯಾರೆ ನೂಲು ಸೇರತೈತಿ. ಕೂಡಿ ಬೆಳದ ಅಣ್ಣತಮ್ಮಂದ್ರಾಗ ಇದು ಭಾಳ. ಗಿಡದ ಮ್ಯಾಲಿಂದ ಒಬ್ಬ ಬಿದ್ದಿರತಾನ, ದೊಡ್ಡವರಾದ ಮ್ಯಾಲ ಇಬ್ಬರೂ ನಾನ ಬಿದ್ದೆ ಅಂತಾರ.’

‘ನಿನ್ನ ಶಾಸ್ತ್ರಕ್ಕ ಬೆಂಕಿ ಹಚ್ಚು. ನಾ ಕಣ್ಣಾರೆ ನೋಡೇನಿ.’

‘ನಿಮ್ಮ ದೊಡ್ಡಪ್ಪನೂ ಹಂಗ ಅಂತಾರ.’

ಕೆನ್ನೆಗೆ ಬಾರಿಸಬೇಕೆನ್ನಿಸಿತು. ಮನೆಗೆ ಬಂದವಳು, ಚಹಾ ಕೊಟ್ಟೆ.

ಇನ್ನು ಉಳಿದದ್ದು ಅಪ್ಪನ ಬಾಯಿ. ಮೂರು ದಿನ ಬೆನ್ನು ಹತ್ತಿ ಒಪ್ಪಿಸಿದೆ. ವಾಲ್ವ್ ಬಂದ್ ಮಾಡಿ ಬಂದು, ಟವೆಲ್ಲಿಗೆ ಕೈ ಒರೆಸಿಕೊಂಡು ಶೀತಲಳ ಎದುರು ಕೂತ. ಅವಳು ಯಂತ್ರ ಚಾಲೂ ಮಾಡಿದಳು.

‘ಕಾಕಾರೀ, ಆ ದಿನ ನಿಮ್ಮ ತಾಯಾರನ್ನ ಯಾರು ಹೊತ್ತುಕೊಂಡು ಬಂದ್ರು?’

‘ಅಣ್ಣ,’ ಅಂದ ಅಪ್ಪ.

ನನಗೆ ನಗು ಬಂತು. ಇಲ್ಲೂ ಅಣ್ಣನ ಮರ್ಯಾದೆ ಕಾಯುತ್ತಿದ್ದಾನೆ ಅಂದುಕೊಂಡೆ. ‘ಅಪ್ಪಾ, ದೊಡ್ಡಪ್ಪ ಇಲ್ಲಿಲ್ಲ. ಖರೆ ಇದ್ದದ್ದು ಹೇಳು.’

‘ಖರೇನ ಹೇಳಾಕತ್ತೇನಿ. ಅಣ್ಣ ಮುಂದ ಹೊಂಟಿದ್ದ. ಅವ್ವನ ಕೈ ಅವನ ತಲಿ ಮ್ಯಾಲ ಬೀಳೂದು ಈಗೂ ಕಾಣಾಕತ್ತೈತಿ ನನಗ. ನಾ ಹಿಂದ ಬಟ್ಟಿ ಗಂಟು ಹಿಡ್ಕೊಂಡಿದ್ದೆ.’

ತಲೆ ಕೆಟ್ಟವನಲ್ಲ ನಮ್ಮಪ್ಪ. ಯಾವ ಓಣಿಗೆ ಯಾವ ದಿನ ನೀರು, ಯಾವ ವಾಲ್ವಿಗೆ ಎಷ್ಟು ಸುತ್ತು, ಇವತ್ತಿಗೂ ಒಂದೂ ತಪ್ಪುವುದಿಲ್ಲ. ಆಯಿ ತೀರಿದ ಮೇಲೆ ಒಂಬತ್ತು ವರ್ಷ ತುಟಿ ಬಿಚ್ಚದೆ ಅಣ್ಣನ ಮಾತು ಕೇಳಿ ಕೇಳಿ, ತನ್ನದೊಂದೇ ಒಡವೆಯನ್ನು ತಾನೇ ಕಳಚಿ ಅವನಿಗೆ ತೊಡಿಸಿದ್ದ. ‘ನೀನ ಹೊತ್ತಿದ್ದಿ! ನೀನ!’ ಎಂದು ಚೀರಿದೆ. ಓಣಿಯವರು ಇಣುಕಿದರು. ಶೀತಲ ಯಂತ್ರ ಬಂದ್ ಮಾಡಿದಳು.

ಅಪ್ಪ ನೆಲ ನೋಡುತ್ತ ಕೂತಿದ್ದ. ‘ಅಣ್ಣ ಪುಣ್ಯವಂತ,’ ಅಂದ. ‘ನಾ ನಮ್ಮವ್ವಗ ಏನೂ ಮಾಡ್ಲಿಲ್ಲಲ್ಲ.’ ಟವೆಲ್ಲಿನಿಂದ ಕಣ್ಣು ಒರೆಸಿಕೊಂಡ.

ನನ್ನ ಚೀರಾಟ ಅಲ್ಲಿಗೆ ನಿಂತಿತು. ಅವನ ಮುಂದೆ ನೆಲಕ್ಕೆ ಕೂತು, ಸಣ್ಣ ಮಕ್ಕಳಿಗೆ ಹೇಳುವಂತೆ ಮೊದಲಿನಿಂದ ಹೇಳಿದೆ. ಬೀಸುಕಲ್ಲು, ಹಿತ್ತಲಿನ ನೀರು, ಅವನು ಧೋತರ ಎತ್ತಿ ಕಟ್ಟಿದ್ದು, ಆಯಿ ಬೈದದ್ದು, ಟ್ರೇಲರಿಗೆ ಏರಿಸಿದ ಮೇಲೆ ಅವಳು ಇವನ ಕೊರಳು ಬಿಡದೆ ಹಿಡಿದೇ ಇದ್ದದ್ದು. ಅಪ್ಪ ರೆಪ್ಪೆ ಬಡಿಯದೆ ಕೇಳಿದ.

‘ಭಾಳ ಛಲೋ ಹೇಳ್ತಿ ಬೇ,’ ಅಂದ. ‘ಆದ್ರ ಇದನ್ನ ಅಣ್ಣನ ಮುಂದ ಹೇಳಬ್ಯಾಡ. ಪಾಪ, ಅಂವ ಮಾಡಿದ್ದನ್ನ ನಾವು ಕಸ್ಕೊಂಡಂಗ ಆಗತೈತಿ.’